ಒಳಮನಸ್ಸಿನ ಮಾತು, ತಾಯಿನುಡಿಯ ಕಿವಿ

ಗೌರಿಬಿದನೂರು ಸೀಮೆಯ ಕುಡುಮಲಕುಂಟೆಯಂಥ ಊರುಗಳಲ್ಲಿ ಎರಡು ನುಡಿಗಳು ಒಂದೇ ಅಂಗಳದಲ್ಲಿ ಓಡಾಡುತ್ತವೆ. ಎಷ್ಟೋ ಮನೆಗಳಲ್ಲಿ ಒಲೆಯ ಮುಂದಿನ ಮಾತು ತೆಲುಗು, ಶಾಲೆಯ ಪಾಠ ಕನ್ನಡ. ಊರ ಹೆಸರಿನ ಕೊನೆಯ 'ಕುಂಟೆ' ಎರಡೂ ನುಡಿಗಳ ಆಸ್ತಿ. ಮಳೆಯ ನೀರು ನಿಲ್ಲುವ ಸಣ್ಣ ಹೊಂಡವೆಂದು ಅದರ ಅರ್ಥ. ಅದೇ ತಾಲ್ಲೂಕಿನ ವಿದುರಾಶ್ವತ್ಥಕ್ಕೆ ಹೋದವರು ಅಲ್ಲಿನ ನಾಗರಕಲ್ಲುಗಳ ಸಾಲನ್ನು ಕಂಡಿರುತ್ತಾರೆ. ಸಂತಾನಕ್ಕಾಗಿ ಹರಕೆ ಹೊತ್ತವರು ನಿಲ್ಲಿಸಿದ ಕಲ್ಲುಗಳು ಅವು. ಒಂದೊಂದರ ಹಿಂದೆಯೂ ನೆರೆಹೊರೆಗೆ ಹೇಳಲಾರದ, ಕೆಲವೊಮ್ಮೆ ಗಂಡನಿಗೂ ಹೇಳಲಾರದ ಕೊರಗು ಇದ್ದಿರಬೇಕು. ಆ ಸೀಮೆಯ ಹೆಣ್ಣುಮಗಳೊಬ್ಬಳು 'ಕನಸಿನಲ್ಲಿ ಹಾವು ಕಂಡಿತು' ಎಂದರೆ ಮನೆಯ ಹಿರಿಯರು ಅದಕ್ಕೊಂದು ಅರ್ಥ ಹೇಳುತ್ತಾರೆ. ಮನಶ್ಶಾಸ್ತ್ರಜ್ಞ ಮತ್ತೊಂದನ್ನು ಹೇಳಬಹುದು. ಆದರೆ ಅರ್ಥಕ್ಕೆ ಮುಂಚೆ ಒಂದು ಪ್ರಶ್ನೆಯಿದೆ. ಅವಳು ಆ ಕನಸನ್ನು ಯಾವ ನುಡಿಯಲ್ಲಿ ಹೇಳಿಕೊಂಡಾಳು? ಕೇಳುವವರು ಯಾರು?

ಸುಪ್ತ ಮನಸ್ಸಿನ ಶಾಸ್ತ್ರದ ಮೊದಲ ಪುಟದಲ್ಲಿಯೂ ಒಂದು ಹಾವು ಇದೆ. 1880ರಲ್ಲಿ ವಿಯೆನ್ನದ ತರುಣಿಯೊಬ್ಬಳು ಕಾಯಿಲೆಯ ತಂದೆಯ ಹಾಸಿಗೆಯ ಬಳಿ ರಾತ್ರಿಯೆಲ್ಲ ಕುಳಿತಿದ್ದಾಗ, ಕರಿಯ ಹಾವೊಂದು ಗೋಡೆಯಿಂದಿಳಿದು ತಂದೆಯನ್ನು ಕಚ್ಚಲು ಬಂದಂತೆ ಕಂಡಿತು. ತಡೆಯಲು ಹೋದರೆ ಕೈ ಏಳಲಿಲ್ಲ. ಪ್ರಾರ್ಥಿಸಲು ಹೋದರೆ ಮಾತು ಬರಲಿಲ್ಲ. ಕೊನೆಗೆ ನೆನಪಾದುದು ಇಂಗ್ಲಿಷಿನ ಶಿಶುಪದ್ಯ ಮಾತ್ರ. ಅಲ್ಲಿಂದ ಮುಂದೆ ಬಹುಕಾಲ ತಾಯಿನುಡಿಯಾದ ಜರ್ಮನ್ ಅವಳಿಗೆ ಎಟುಕದಾಯಿತು, ಇಂಗ್ಲಿಷಿನಲ್ಲಿಯೇ ಮಾತಾಡಿದಳು. ಡಾಕ್ಟರ್ ಬ್ರಾಯರ್ ಅವಳ ಮಾತನ್ನು ದಿನವೂ ತಾಳ್ಮೆಯಿಂದ ಕೇಳಿದ. ನೆನಪು ಮಾತಾಗಿ ಹೊರಬಂದಾಗ ಬೇನೆ ತಗ್ಗುವುದನ್ನು ಕಂಡು 'ಮಾತಿನ ಚಿಕಿತ್ಸೆ' ಎಂಬ ಹೆಸರಿಟ್ಟವಳು ಆ ರೋಗಿಯೇ, ಅದೂ ಇಂಗ್ಲಿಷಿನಲ್ಲಿ. ಬ್ರಾಯರನೂ ಫ್ರಾಯ್ಡನೂ ಸೇರಿ 1895ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಆಕೆ 'ಆನಾ ಓ' ಆದಳು. ನಿಜವಾದ ಹೆಸರು ಬರ್ತಾ ಪಾಪೆನ್‌ಹೈಮ್. ಗ್ರಂಥ ಹೇಳಿದಷ್ಟು ಸುಲಭವಾಗಿ ಆಕೆ ಗುಣವಾಗಲಿಲ್ಲ, ಅನಂತರವೂ ಆರೋಗ್ಯಧಾಮಗಳಲ್ಲಿ ಇರಬೇಕಾಯಿತು ಎಂದು ಮುಂದಿನ ಸಂಶೋಧನೆಗಳು ತೋರಿಸಿವೆ. ಮುಂದೆ ಆಕೆಯೇ ಹೆಣ್ಣುಮಕ್ಕಳ ಹಿತಕ್ಕಾಗಿ ದುಡಿದ ದೊಡ್ಡ ಸಮಾಜಸೇವಕಿಯಾದಳು.

ಇಂಥ ಅನುಭವಗಳಿಂದ ಫ್ರಾಯ್ಡ್ ಕಟ್ಟಿದ ಸಿದ್ಧಾಂತದ ತಿರುಳು ನಮಗೆ ಅಪರಿಚಿತವೇನಲ್ಲ. ಬಾಳಲ್ಲಿ ತಡೆಯಲಾರದುದನ್ನು ಮನಸ್ಸು ಅರಿವಿನಿಂದಾಚೆಗೆ ನೂಕುತ್ತದೆ; ಇದು ದಮನ. ನೂಕಿದ್ದು ನಾಶವಾಗದು. ಕನಸಾಗಿ, ಬಾಯಿತಪ್ಪಿದ ಮಾತಾಗಿ, ಮೈಯ ಬೇನೆಯಾಗಿ ವೇಷ ಬದಲಿಸಿಕೊಂಡು ಮರಳುತ್ತದೆ. 'ಹೊಟ್ಟೆಗೆ ಹಾಕಿಕೊಂಡುಬಿಡು' ಎಂದು ನಾವು ಸಮಾಧಾನ ಹೇಳುತ್ತೇವೆ. ಹೊಟ್ಟೆಗೆ ಹಾಕಿಕೊಂಡದ್ದೆಲ್ಲ ಅರಗುವುದಿಲ್ಲ ಎಂಬುದೇ ಫ್ರಾಯ್ಡನ ವಾದ. 1923ರಲ್ಲಿ ಆತ ವ್ಯಕ್ತಿತ್ವವನ್ನು ಮೂರಾಗಿ ವಿಂಗಡಿಸಿದಾಗ ಬಳಸಿದ್ದು ಮನೆಮಾತಿನ ಸರ್ವನಾಮಗಳನ್ನು: 'ಅದು', 'ನಾನು', 'ಮೇಲಿನ ನಾನು'. ಇಂಗ್ಲಿಷ್ ಅನುವಾದಕರು ಅವಕ್ಕೆ ಲ್ಯಾಟಿನ್ನಿನ ಉಡುಪು ತೊಡಿಸಿದರು. ನಾವು ಇಂಗ್ಲಿಷಿನಿಂದ 'ಇಡ್' ಎಂದು ಎರವಲು ತಂದೆವು, ಸಂಸ್ಕೃತದಿಂದ 'ಅಹಂ' ಎಂದು ತಂದೆವು. ಮಗುವೂ ಆಡುವ ಮಾತು ಪರೀಕ್ಷೆಯ ಪದವಾಯಿತು.

ಭಾರತದಲ್ಲಿ ಈ ವಿಚಾರ ಮೊದಲು ಬೇರೂರಿದ್ದು ಕಲ್ಕತ್ತೆಯಲ್ಲಿ. ವೈದ್ಯರಾದ ಗಿರೀಂದ್ರಶೇಖರ ಬೋಸರು 1921ರಲ್ಲಿ ದಮನವನ್ನು ಕುರಿತು ಗ್ರಂಥ ಪ್ರಕಟಿಸಿದರು. 1922ರಲ್ಲಿ ಭಾರತೀಯ ಮನೋವಿಶ್ಲೇಷಣ ಸಂಘವನ್ನು ಸ್ಥಾಪಿಸಿದರು. ಫ್ರಾಯ್ಡನನ್ನು ಒಮ್ಮೆಯೂ ಕಾಣದೆ ವರ್ಷಗಟ್ಟಲೆ ಪತ್ರ ಬರೆದರು. 1931ರಲ್ಲಿ ಆತನ 75ನೆಯ ಹುಟ್ಟುಹಬ್ಬಕ್ಕೆ ದಂತದ ವಿಷ್ಣುಮೂರ್ತಿಯೊಂದು ಕಲ್ಕತ್ತೆಯಿಂದ ವಿಯೆನ್ನಕ್ಕೆ ಹೋಯಿತು. ಹೀಗೆ ಗೌರವಿಸಿದ ಬೋಸರೇ, ತಂದೆ ಮಕ್ಕಳ ಭಯವನ್ನು ಕುರಿತ ಫ್ರಾಯ್ಡನ ಸೂತ್ರ ತಮ್ಮ ಭಾರತೀಯ ರೋಗಿಗಳಿಗೆ ಯೂರೋಪಿನವರಿಗೆ ಒಪ್ಪುವಷ್ಟು ಒಪ್ಪುವುದಿಲ್ಲವೆಂದು ಅಂಜದೆ ಬರೆದರು.

ಮೈಸೂರಿನ ದಾರಿ ಬೇರೆ. 1924ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರ ವಿಭಾಗವನ್ನು ಕಟ್ಟಿದ ಡಾ. ಎಂ. ವಿ. ಗೋಪಾಲಸ್ವಾಮಿಯವರು ಲಂಡನ್ನಿನಲ್ಲಿ ಸ್ಪಿಯರ್‌ಮನ್ನರ ಶಿಷ್ಯರು. ಬುದ್ಧಿಶಕ್ತಿಯನ್ನು ಅಳೆದು ಅಂಕಿಯಲ್ಲಿ ಹೇಳುವ ಪರಂಪರೆ ಅದು; ಕನಸಿನ ಗೊಡವೆಯದಲ್ಲ. ಆದರೂ ಅಳತೆಯ ಶಾಸ್ತ್ರ ಕಲಿತು ಬಂದ ಆ ಪ್ರಾಧ್ಯಾಪಕರು 1935ರ ಸೆಪ್ಟೆಂಬರಿನಲ್ಲಿ, ಮೈಸೂರಿನ ತಮ್ಮ ಮನೆಯಲ್ಲಿಯೇ 30 ವಾಟಿನ ಸಣ್ಣ ಯಂತ್ರವನ್ನಿಟ್ಟುಕೊಂಡು ಬಾನುಲಿ ಕೇಂದ್ರವೊಂದನ್ನು ಆರಂಭಿಸಿದರು. ಅದೇ 'ಆಕಾಶವಾಣಿ'. ಆ ಹೆಸರೇ ಮುಂದೆ ದೇಶದ ಬಾನುಲಿಯ ಹೆಸರಾಯಿತು. ಕನ್ನಡನಾಡಿನಲ್ಲಿ ಮನಸ್ಸಿನ ಶಾಸ್ತ್ರವನ್ನು ಕಲಿಸಿದವರೂ ಮಾತನ್ನು ಗಾಳಿಗೆ ಬಿಟ್ಟವರೂ ಒಬ್ಬರೇ ಎಂಬುದನ್ನು, ಬಾನುಲಿಯ ಮುಂದೆ ಕುಳಿತಿರುವ ನಾನು ಕೃತಜ್ಞತೆಯಿಂದ ನೆನೆಯಲೇಬೇಕು.

ಹಾಗಾದರೆ ಒಳಮನಸ್ಸು ಕನ್ನಡಕ್ಕೆ ಬಂದದ್ದು ಹೇಗೆ? ನನ್ನ ತಿಳಿವಳಿಕೆಯಲ್ಲಿ ಅದು ಬಹುಮಟ್ಟಿಗೆ ಆಸ್ಪತ್ರೆಯ ಬಾಗಿಲಿನಿಂದ ಬರಲಿಲ್ಲ, ಸಾಹಿತ್ಯದ ಬಾಗಿಲಿನಿಂದ ಬಂತು. ಮೈಸೂರಿನಲ್ಲಿ ಮನಶ್ಶಾಸ್ತ್ರವನ್ನು ಓದಿದ ತ್ರಿವೇಣಿಯವರು 1963ರಲ್ಲಿ, ಇನ್ನೂ ಮೂವತ್ತೈದು ತುಂಬುವ ಮೊದಲೇ ತೀರಿಕೊಂಡರು. ಅಷ್ಟರಲ್ಲಿಯೇ ಪಾಠದ ಕೋಣೆಯ ವಿಷಯವನ್ನು ನಡುಮನೆಗೆ ತಂದಿದ್ದರು. 'ಶರಪಂಜರ'ದ ಕಾವೇರಿ ಬಾಣಂತನದಲ್ಲಿ ಬುದ್ಧಿಸ್ಥಿಮಿತ ಕಳೆದುಕೊಂಡು, ಆಸ್ಪತ್ರೆಯಲ್ಲಿ ಗುಣವಾಗಿ ಮನೆಗೆ ಮರಳುತ್ತಾಳೆ. ಅಲ್ಲಿಂದ ನಿಜವಾದ ಕಥೆ ಆರಂಭ. ಅವಳ ನಗುವಿಗೂ ಅಳುವಿಗೂ ಜನ ಹುಚ್ಚಿನ ಅರ್ಥವನ್ನೇ ಹಚ್ಚುತ್ತಾರೆ. ಗಂಡನೂ ಅವಳ ಪಾಲಿಗೆ ಇಲ್ಲದವನಾಗುತ್ತಾನೆ. ವೈದ್ಯ ಗುಣಪಡಿಸಿದವಳನ್ನು ಮನೆ ಮತ್ತೆ ಕೆಡಿಸುತ್ತದೆ. 1971ರ ಚಲನಚಿತ್ರದ ಮೂಲಕ ಓದುಬಾರದವರಿಗೂ ಈ ಕಥೆ ತಲುಪಿತು.

ಇನ್ನೊಬ್ಬರು 'ರಾಶಿ', ಎಂದರೆ ಡಾ. ಎಂ. ಶಿವರಾಂ. ವೃತ್ತಿಯಿಂದ ವೈದ್ಯರು, 1942ರಿಂದ 1967ರವರೆಗೆ 'ಕೊರವಂಜಿ'ಯನ್ನು ನಡೆಸಿ ನಾಡನ್ನು ನಗಿಸಿದವರು. ಮನಸ್ಸಿನ ಬೇನೆಗಳನ್ನು ಕುರಿತ ಅವರ 'ಮನಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಮನೋರೋಗವನ್ನು ಕುರಿತ ಪುಸ್ತಕವೊಂದನ್ನು ಸಾಹಿತ್ಯವೆಂದು ದೇಶ ಒಪ್ಪಿದ್ದು ಕನ್ನಡದಲ್ಲಿ ಎಂಬುದು ಸಣ್ಣ ಮಾತಲ್ಲ.

ಮೂರನೆಯವರು ಎ. ಕೆ. ರಾಮಾನುಜನ್. ಉತ್ತರ ಕರ್ನಾಟಕದ ಹಳ್ಳಿಯ ಮುದುಕಿಯೊಬ್ಬಳಿಂದ ಅವರು ಒಂದು ಕಥೆ ಕೇಳಿದರು. ಹೆತ್ತ ಮಗನನ್ನೇ ಮದುವೆಯಾಗುವಳೆಂಬ ಹಣೆಬರಹ ಹೊತ್ತ ಹುಡುಗಿಯ ಕಥೆ ಅದು. ತಪ್ಪಿಸಿಕೊಳ್ಳಲು ಅವಳು ಕಾಡಿಗೆ ಓಡಿದರೂ ವಿಧಿ ಬಿಡದು. ಕೊನೆಗೆ ನಿಜ ತಿಳಿದಾಗ ತೊಟ್ಟಿಲ ಕೂಸಿನೊಡನೆ ತನಗಿರುವ ತೊಡಕಿನ ನಂಟನ್ನೆಲ್ಲ ಜೋಗುಳದಲ್ಲಿ ಹಾಡಿಕೊಂಡು ಪ್ರಾಣ ಬಿಡುತ್ತಾಳೆ. ಗ್ರೀಕರ ಈಡಿಪಸ್ ಮಗನ ಕಥೆ. ನಮ್ಮದು ತಾಯಿಯ ಕಥೆ. ನಮ್ಮ ಪುರಾಣಗಳಲ್ಲಿಯೂ ಮಗ ತಂದೆಯನ್ನು ಕೊಲ್ಲುವುದಕ್ಕಿಂತ, ಯಯಾತಿಗೆ ಪೂರು ಯೌವನವನ್ನು ಕೊಟ್ಟಂತೆ, ತಂದೆಗಾಗಿ ಮಗ ತನ್ನ ಬಾಳನ್ನು ತೆರುವುದೇ ಹೆಚ್ಚೆಂದು ರಾಮಾನುಜನ್ ತೋರಿಸಿದರು. ಬೋಸರು ರೋಗಿಗಳಲ್ಲಿ ಕಂಡ ವ್ಯತ್ಯಾಸವನ್ನು ಇವರು ಕಥೆಗಳಲ್ಲಿ ಕಂಡರು. ನನ್ನನ್ನು ಹೆಚ್ಚು ಕಾಡುವುದು ಮತ್ತೊಂದು ಅಂಶ. ಆ ತಾಯಿ ಯಾರಿಗೂ ಹೇಳಲಾಗದುದನ್ನು ಅರ್ಥವಾಗದ ಕೂಸಿಗೆ ಹೇಳಿದಳು, ಅದೂ ಹಾಡಿನಲ್ಲಿ.

ಫ್ರಾಯ್ಡ್ ಹೇಳಿದ್ದೆಲ್ಲ ಇಂದು ಉಳಿದಿಲ್ಲ. ಅವನ ಎಷ್ಟೋ ಊಹೆಗಳು ಪ್ರಯೋಗದ ಒರೆಗಲ್ಲಿಗೆ ನಿಲ್ಲಲಿಲ್ಲ. ಹಲವು ಮನೋರೋಗಗಳಿಗೆ ಔಷಧಗಳೂ ಬಂದಿವೆ. ಆದರೂ ಅರಿವಿಗೆ ಬಾರದ ಮನೋವ್ಯಾಪಾರವಿದೆ ಎಂಬುದನ್ನು ಈಗ ಯಾರೂ ಅಲ್ಲಗಳೆಯರು. ತಾಳ್ಮೆಯಿಂದ ಕೇಳುವುದೇ ಚಿಕಿತ್ಸೆಯ ಭಾಗ ಎಂಬುದೂ ಉಳಿದಿದೆ. ಬೆಂಗಳೂರಿನ ಮಾನಸಿಕ ಆಸ್ಪತ್ರೆಯೂ 1954ರಲ್ಲಿ ಅಲ್ಲಿ ಆರಂಭವಾದ ಅಖಿಲ ಭಾರತ ಸಂಸ್ಥೆಯೂ ಕೂಡಿ 1974ರಲ್ಲಿ ನಿಮ್ಹಾನ್ಸ್ ಆಯಿತು. 2022ರಲ್ಲಿ ಕೇಂದ್ರ ಸರ್ಕಾರ 'ಟೆಲಿ ಮಾನಸ್' ಎಂಬ ದೂರವಾಣಿ ಸೇವೆಯನ್ನು ಆರಂಭಿಸಿದಾಗ ಅದರ ಮುಖ್ಯ ಕೇಂದ್ರವಾದದ್ದೂ ನಿಮ್ಹಾನ್ಸೇ. 14416 ಎಂಬ ಸಂಖ್ಯೆಗೆ ಕರೆ ಮಾಡಿದವರು ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಮಾತಾಡಬಹುದು.

ಕುಡುಮಲಕುಂಟೆಯ ಕಡೆಯ ಆ ಹೆಣ್ಣುಮಗಳ ಕನಸಿಗೆ ಇದರಿಂದ ಪೂರ್ತಿ ಉತ್ತರ ಸಿಕ್ಕಿತೆಂದು ನಾನು ಹೇಳಲಾರೆ. ನಾಗರಕಲ್ಲಿನ ಮುಂದೆ ಅವಳು ಮನಸ್ಸಿನಲ್ಲಿಯೇ ಆಡಿಕೊಳ್ಳುವ ಮಾತು ಒಲೆಯ ಮುಂದಿನ ಮಾತು, ಶಾಲೆಯ ಮಾತಲ್ಲ. ಅದನ್ನು ಆ ನುಡಿಯಲ್ಲಿಯೇ, ನಗದೆ, ಗದರಿಸದೆ, ಅವಸರದಿಂದ ಅರ್ಥ ಹಚ್ಚದೆ ಕೇಳಬೇಕು. ಹಾಗೆ ಕೇಳುವವರು ದೂರವಾಣಿಯ ಆ ತುದಿಯಲ್ಲಿದ್ದರೆ ಸಾಲದು, ಅವಳ ಮನೆಯಲ್ಲಿಯೂ ಒಬ್ಬರಿರಬೇಕು. ಕಾವೇರಿಗೆ ಇಲ್ಲದೆಹೋದದ್ದು ಅದೊಂದೇ.