ಎರಡನೇ ನೂರು ಯಾವಾಗ?

2021ರ ನವೆಂಬರ್ 26, ಶುಕ್ರವಾರ. ವರ್ಕ್ ಫ್ರಮ್ ಹೋಮ್ ಕಾಲ. ಬೆಳಗಿನ ಸ್ಟ್ಯಾಂಡಪ್ ಕಾಲ್‌ನಲ್ಲಿ ಕ್ಯಾಮೆರಾ ಆಫ್ ಮಾಡಿಕೊಂಡು, ಮೊಬೈಲಿನಲ್ಲಿ ಕಾನ್ಪುರ ಟೆಸ್ಟ್ ನೋಡ್ತಾ ಕೂತಿದ್ದೆ. ಶ್ರೇಯಸ್ ಅಯ್ಯರ್ ಚೊಚ್ಚಲ ಟೆಸ್ಟಿನಲ್ಲೇ ನೂರು ಬಾರಿಸಿದ. ಖುಷಿಗೆ ಅಪ್ಪನನ್ನು ಕೂಗಿ ಹೇಳಿದೆ. "ಗ್ರೀನ್ ಪಾರ್ಕಾ? ಹಂಗಾದ್ರೆ ಇವನಿಗೆ ಶಾಪ ತಟ್ಟಲ್ಲ ಬಿಡು" ಅಂದರು.

ಶಾಪ? ಯಾವ ಶಾಪ? ಕಾಲ್ ಮುಗಿಸಿ ಅಪ್ಪನ ಪಕ್ಕ ಹೋಗಿ ಕೂತೆ. ಆಮೇಲೆ ಒಂದು ವಾರ ಹಳೇ ಸ್ಕೋರ್‌ಕಾರ್ಡುಗಳನ್ನೇ ಕೆದಕಿದೆ ಅನ್ನಿ.

ಕಥೆ ಶುರುವಾಗೋದು 1933ರಲ್ಲಿ. ಬಾಂಬೆ ಜಿಮ್ಖಾನಾದಲ್ಲಿ, ಭಾರತದ ನೆಲದ ಮೊಟ್ಟಮೊದಲ ಟೆಸ್ಟಿನಲ್ಲಿ, 22 ವರ್ಷದ ಲಾಲಾ ಅಮರನಾಥ್ 118 ಹೊಡೆದರು. ಅದು ಭಾರತದ ಮೊದಲ ಟೆಸ್ಟ್ ಶತಕ. ಆಮೇಲೆ ಒಟ್ಟು 24 ಟೆಸ್ಟ್ ಆಡಿ, ತಂಡದ ನಾಯಕರೂ ಆದರು. ಆದರೆ ಇನ್ನೊಂದು ನೂರು ಬರಲೇ ಇಲ್ಲ. 1952ರಲ್ಲಿ ದೀಪಕ್ ಶೋಧನ್ 110. 1955ರಲ್ಲಿ ಕೃಪಾಲ್ ಸಿಂಗ್ 100. 1959ರಲ್ಲಿ ಅಬ್ಬಾಸ್ ಅಲಿ ಬೇಗ್ 112. 1964ರಲ್ಲಿ ಹನುಮಂತ್ ಸಿಂಗ್ 105. ಐವರೂ ಚೊಚ್ಚಲ ಟೆಸ್ಟಿನಲ್ಲೇ ಶತಕ ಹೊಡೆದವರು, ಐವರಿಗೂ ಅದೇ ಕೊನೇ ಶತಕ. ಜನ ಇದನ್ನು ಶಾಪ ಅಂತ ಕರೆದದ್ದರಲ್ಲಿ ಆಶ್ಚರ್ಯ ಇಲ್ಲ.

ನನಗೆ ಮಾತ್ರ ಶಾಪದಲ್ಲಿ ನಂಬಿಕೆ ಬರಲಿಲ್ಲ. ಒಬ್ಬೊಬ್ಬರ ಕಥೆ ಓದ್ತಾ ಹೋದರೆ ಅಲ್ಲಿ ಕಾಣೋದು ದೇವರ ಕೈಗಿಂತ ಹೆಚ್ಚಾಗಿ ಮನುಷ್ಯರ ಕೈ. ಲಾಲಾ ಅವರನ್ನು 1936ರ ಇಂಗ್ಲೆಂಡ್ ಪ್ರವಾಸದಲ್ಲಿ ಅಶಿಸ್ತಿನ ಕಾರಣ ಕೊಟ್ಟು, ಮೊದಲ ಟೆಸ್ಟಿಗೂ ಮುಂಚೆ ಹಡಗು ಹತ್ತಿಸಿ ಮನೆಗೆ ಕಳಿಸಿದರು. ನಾಯಕ ವಿಜಿ ಮಹಾರಾಜರಿಗೂ ಇವರಿಗೂ ಆಗಿಬರ್ತಿರಲಿಲ್ಲ. ಹಿಂದೆಯೇ ಮಹಾಯುದ್ಧ ಬಂತು. ಮುಂದಿನ ಟೆಸ್ಟ್ ಆಡಿದ್ದು 1946ರಲ್ಲಿ! ಹೆಚ್ಚೂಕಮ್ಮಿ 12 ವರ್ಷ. ಬ್ಯಾಟ್ಸ್‌ಮನ್ ಒಬ್ಬನ ಪ್ರಾಯವೇ ಅಲ್ಲಿ ಹೋಯ್ತು. ಶೋಧನ್ ಆಡಿದ್ದು ಬರೀ ಮೂರು ಟೆಸ್ಟ್, ಸರಾಸರಿ 60.33. ಅರವತ್ತರ ಸರಾಸರಿ ಇರೋನನ್ನ ಮತ್ತೆ ಕರೀಲೇ ಇಲ್ಲ ಅಂದ್ರೆ ಅದಕ್ಕೆ ಶಾಪ ಅಂತೀರಾ?

ಬೇಗ್ ಕಥೆ ಓದಿದ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಹೈದರಾಬಾದಿನ ಹುಡುಗ, ಆಕ್ಸ್‌ಫರ್ಡಿನಲ್ಲಿ ಓದ್ತಾ ಇದ್ದ. ಮಾಂಜ್ರೇಕರ್ ಗಾಯಗೊಂಡರು ಅಂತ ಅಲ್ಲಿಂದಲೇ ತಂಡಕ್ಕೆ ಕರೆಸಿಕೊಂಡರು. ಓಲ್ಡ್ ಟ್ರಾಫರ್ಡಿನಲ್ಲಿ ನೂರು ಹೊಡೆದಾಗ ವಯಸ್ಸು 20. ಅಲ್ಲಿಯವರೆಗೆ ಟೆಸ್ಟ್ ಶತಕ ಬಾರಿಸಿದ ಭಾರತೀಯರಲ್ಲೇ ಅತಿ ಕಿರಿಯ. ಮುಂದೆ ಬ್ರೆಬೋರ್ನಿನಲ್ಲಿ ಆಸ್ಟ್ರೇಲಿಯಾ ವಿರುದ್ಧ ಎರಡೂ ಇನ್ನಿಂಗ್ಸಿನಲ್ಲಿ ಅರ್ಧ ಶತಕ. ಆಗ ಹುಡುಗಿಯೊಬ್ಬಳು ಮೈದಾನಕ್ಕೆ ಓಡಿಬಂದು ಕೆನ್ನೆಗೆ ಮುತ್ತು ಕೊಟ್ಟದ್ದು ಇವತ್ತಿಗೂ ದಂತಕಥೆ. ಅದಾಗಿ ವರ್ಷ ಕಳೆಯೋದರೊಳಗೆ ಪಾಕಿಸ್ತಾನ ತಂಡ ಬಂತು. ನಾಲ್ಕು ಇನ್ನಿಂಗ್ಸಿನಲ್ಲಿ ಬೇಗ್ ಗಳಿಸಿದ್ದು 34 ರನ್. ಫಾರ್ಮ್ ಹೋಗಿದೆ ಅಂತ ಯಾರೂ ಅನ್ನಲಿಲ್ಲ. ಮುಸಲ್ಮಾನ, ಬೇಕಂತಲೇ ಔಟಾಗ್ತಾನೆ ಅಂದರು. ಬೈದು ಕಾಗದ ಬರೆದರು. ಹುಡುಗನಿಗಾಗ 21 ವರ್ಷ. ನಮ್ಮ ಟೀಮಿಗೆ ಬರೋ ಇಂಟರ್ನ್‌ಗಳ ವಯಸ್ಸು. ಮತ್ತೆ ಟೆಸ್ಟ್ ಆಡಿದ್ದು 1966ರ ಕೊನೆಗೆ.

ಹಾಗಾಗಿ 1969ರ ನವೆಂಬರಿನಲ್ಲಿ, ಬಿಲ್ ಲಾರಿಯ ಆಸ್ಟ್ರೇಲಿಯಾ ಎದುರು, ಭದ್ರಾವತಿಯ ಗುಂಡಪ್ಪ ವಿಶ್ವನಾಥ್ ಕಾನ್ಪುರದ ಗ್ರೀನ್ ಪಾರ್ಕಿಗೆ ಇಳಿದಾಗ ಬೆನ್ನ ಹಿಂದೆ ಇಷ್ಟೆಲ್ಲ ಇತ್ತು. ವಯಸ್ಸು 20. ಮೊದಲ ಇನ್ನಿಂಗ್ಸಿನಲ್ಲಿ ಸೊನ್ನೆ. ಅಪ್ಪ ಆಗ ತರೀಕೆರೆಯಲ್ಲಿ ಹೈಸ್ಕೂಲು. ಹೋಟೆಲಿನ ರೇಡಿಯೋ ಮುಂದೆ ನಿಂತವರೆಲ್ಲ, "ನಮ್ ಕಡೆ ಹುಡುಗ, ಒಂದು ರನ್ನಾದ್ರೂ ಹೊಡೀಬಾರದಿತ್ತಾ" ಅಂತ ಮುಖ ಬಾಡಿಸಿಕೊಂಡು ಮನೆಗೆ ಹೋದರಂತೆ. ಗಾಬರಿಯಾಗಿದ್ದ ಹುಡುಗನಿಗೆ ನಾಯಕ ಪಟೌಡಿ, ತಲೆ ಕೆಡಿಸಿಕೋಬೇಡ, ನೂರು ಹೊಡೀತೀಯ ಅಂತ ಧೈರ್ಯ ಹೇಳಿದ್ದನ್ನು ವಿಶಿ ಆಮೇಲೆ ಎಷ್ಟೋ ಸಲ ನೆನೆಸಿಕೊಂಡಿದ್ದಾರೆ. ಎರಡನೇ ಇನ್ನಿಂಗ್ಸಿನಲ್ಲಿ 137. ಅದರಲ್ಲಿ 25 ಬೌಂಡರಿ.

ಇಲ್ಲಿಗೆ ನಿಲ್ಲಿಸಿದರೆ ಇದೂ ದಾಖಲೆ ಪಟ್ಟಿಯ ಒಂದು ಸಾಲು ಅಷ್ಟೆ. ನನಗೆ ಮುಖ್ಯ ಅನ್ನಿಸೋದು ಆಮೇಲಿನ ಮೂರು ವರ್ಷ. 1971ರಲ್ಲಿ ವೆಸ್ಟ್ ಇಂಡೀಸಿನಲ್ಲಿ 21ರ ಗವಾಸ್ಕರ್ ನಾಲ್ಕೇ ಟೆಸ್ಟಿನಲ್ಲಿ 774 ರನ್ ಪೇರಿಸಿದರು. (ಚೊಚ್ಚಲ ಟೆಸ್ಟಿನಲ್ಲಿ ಅವರದ್ದು 65 ಮತ್ತು 67, ನೂರಲ್ಲ. ಪುಣ್ಯವಂತರು!) ದೇಶವೆಲ್ಲ ಅವರ ಹೆಸರೇ. ಅದೇ ವರ್ಷ ಓವಲ್‌ನ ಐತಿಹಾಸಿಕ ಗೆಲುವಿನಲ್ಲಿ ವಿಶಿಯ 33 ರನ್ ಬೆಲೆಬಾಳುವಂಥದ್ದೇ, ಆದರೆ ನೂರು ಇಲ್ಲ. ತರೀಕೆರೆ ಹೋಟೆಲಿನಲ್ಲಿ ಶಾಪದ ಮಾತು ಮತ್ತೆ ಶುರುವಾಗಿತ್ತಂತೆ.

1973ರ ಫೆಬ್ರುವರಿ, ಬ್ರೆಬೋರ್ನ್, ಇಂಗ್ಲೆಂಡ್ ಎದುರು: 113. ಆರೂವರೆ ಅಡಿಯ ಟೋನಿ ಗ್ರೇಗ್ ಓಡಿಬಂದು ನಮ್ಮ ಪುಟ್ಟ ವಿಶಿಯನ್ನು ಎತ್ತಿಕೊಂಡು ಮಗುವಿನ ಹಾಗೆ ತೂಗಿದರು. ಎದುರಾಳಿ ತಂಡದವನು! ಮುಂದೆ 91 ಟೆಸ್ಟ್, 6080 ರನ್, 14 ಶತಕ. ಆ ಹದಿನಾಲ್ಕರಲ್ಲಿ ಒಂದು ಪಂದ್ಯವನ್ನೂ ಭಾರತ ಸೋಲಲಿಲ್ಲ.

ಶಾಪ ಅಲ್ಲಿಗೆ ಮುಗೀತಾ? 1976ರಲ್ಲಿ ಆಕ್ಲೆಂಡಿನ ಚೊಚ್ಚಲ ಟೆಸ್ಟಿನಲ್ಲಿ ಲಾಲಾ ಅವರ ಮಗ ಸುರಿಂದರ್ 124 ಹೊಡೆದರು. ಹತ್ತು ಟೆಸ್ಟ್, ಇನ್ನೊಂದು ಶತಕ ಇಲ್ಲ. ಅಪ್ಪನ ಥರಾನೇ. ಅಜರುದ್ದೀನ್ ಮಾತ್ರ ಲೆಕ್ಕವನ್ನೇ ತಿರುಗಿಸಿಬಿಟ್ಟರು: ಮೊದಲ ಮೂರು ಟೆಸ್ಟಿನಲ್ಲೂ ಒಂದೊಂದು ಶತಕ, ಮೂರನೆಯದು 1985ರಲ್ಲಿ, ಅದೇ ಗ್ರೀನ್ ಪಾರ್ಕಿನಲ್ಲಿ. ಅಪ್ಪ ಅಷ್ಟು ಧೈರ್ಯವಾಗಿ ಹೇಳಿದ್ದು ಯಾಕೆ ಅಂತ ಆಗ ಗೊತ್ತಾಯ್ತು.

ಇದನ್ನು ಬರೆಯೋ ಹೊತ್ತಿಗೆ ಶ್ರೇಯಸ್ ಎರಡನೇ ಟೆಸ್ಟ್ ಶತಕ ಇನ್ನೂ ಬಂದಿಲ್ಲ. ಅಪ್ಪ ಈಗಲೂ ಪೇಪರ್ ತೆಗೆದರೆ ಮೊದಲು ಕೊನೇ ಪುಟ. "ಆ ಕಾನ್ಪುರದ ಹುಡುಗಂದು ಇನ್ನೊಂದು ಆಯ್ತೇನೋ?" ಅಂತಾರೆ. ಇಲ್ಲ ಅಪ್ಪ ಅಂದರೆ, "ವಿಶಿಗೂ ಮೂರು ವರ್ಷ ಹಿಡೀತು ಕಣೋ" ಅಂತ ಪುಟ ತಿರುಗಿಸ್ತಾರೆ.