ಹೆಗಲ ಮೇಲಿನ ಪುಸ್ತಕದ ಗಂಟು

ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಪೇಟೆಯಲ್ಲಿ ಪುಸ್ತಕದ ಅಂಗಡಿಗಳಿಲ್ಲವೆಂದಲ್ಲ. ಜೂನ್ ತಿಂಗಳಿನಲ್ಲಿ ಅವುಗಳ ಮುಂದೆ ನಿಲ್ಲಲೂ ಜಾಗವಿರುವುದಿಲ್ಲ. ಪಠ್ಯಪುಸ್ತಕ, ನೋಟುಬುಕ್ಕು, ಗೈಡು, ಸ್ಪರ್ಧಾತ್ಮಕ ಪರೀಕ್ಷೆಯ ಕೈಪಿಡಿಗಳು ಕೈಯಿಂದ ಕೈಗೆ ಸಾಗುತ್ತವೆ. ಆದರೆ “ಈ ಕಾದಂಬರಿಯನ್ನು ಓದಿ ನೋಡಿ, ನಿಮಗೆ ಹಿಡಿಸುತ್ತದೆ” ಎಂದು ಗಿರಾಕಿಯ ಕೈಗೆ ಪುಸ್ತಕವಿಡುವ ವ್ಯಾಪಾರಿ ನಮ್ಮಲ್ಲಿ ಅಪರೂಪ. ಓದುಗನ ಮನಸ್ಸನ್ನೂ ಪುಸ್ತಕದ ಒಳಗನ್ನೂ ಬಲ್ಲ ಇಂಥ ಮಾರಾಟಗಾರರು ಕನ್ನಡ ನಾಡಿಗೆ ಹೊಸಬರಲ್ಲ. ಕನ್ನಡ ಕಾದಂಬರಿ ಬೆಳೆದದ್ದೇ ಅಂಥವರ ಹೆಗಲ ಮೇಲೆ ಎಂಬುದನ್ನು ನಾವು ಮರೆತಿದ್ದೇವೆ.

ಈ ಚರಿತ್ರೆಯ ಒಂದು ಎಳೆ ಕ್ರೈಸ್ತ ಮಿಷನರಿಗಳ ಅಚ್ಚುಕೂಟದಿಂದ ಹೊರಡುತ್ತದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ 1841ರಲ್ಲಿ ಅಲ್ಲಿ ಕಲ್ಲಚ್ಚಿನ ಮುದ್ರಣಾಲಯವನ್ನು ತೆರೆಯಿತು. ಅಚ್ಚಾದ ಪುಸ್ತಕ ಅಂಗಡಿಯಲ್ಲಿ ಕುಳಿತರೆ ಓದುಗನಿಗೆ ತಲುಪದು ಎಂಬುದು ಆ ಕಾಲದ ಮಿಷನ್ನುಗಳಿಗೆ ಬೇಗನೆ ಅರ್ಥವಾಯಿತು. ಪುಸ್ತಕಗಳನ್ನು ಹೊತ್ತು ಸಂತೆ, ಜಾತ್ರೆ, ಹಳ್ಳಿಗಳಿಗೆ ನಡೆದು ಹೋಗುವವರು ಸಿದ್ಧರಾದರು. ಅವರು ಮರದಡಿಯಲ್ಲಿ ಕುಳಿತು ಗಟ್ಟಿಯಾಗಿ ಓದಿ ಹೇಳುತ್ತಿದ್ದರು. ಕೇಳಿದವರಲ್ಲಿ ಕೆಲವರು ಕೊಳ್ಳುತ್ತಿದ್ದರು. ಬನ್ಯನ್ನನ ‘ಯಾತ್ರಿಕನ ಸಂಚಾರ’ 19ನೆಯ ಶತಮಾನದಲ್ಲಿಯೇ ಕನ್ನಡಕ್ಕೆ ಬಂದು, ಸರಳ ಗದ್ಯದಲ್ಲಿ ಒಂದು ದೀರ್ಘ ಕಥೆಯನ್ನು ಓದುವ ರೂಢಿಗೆ ನೆರವಾಯಿತು. ಕನ್ನಡದ ಮೊದಲ ಸ್ವತಂತ್ರ ಸಾಮಾಜಿಕ ಕಾದಂಬರಿಯೆಂದು ಹೆಸರಾದ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ 1899ರಲ್ಲಿ ಅಚ್ಚಾದದ್ದೂ ಬಾಸೆಲ್ ಮಿಷನ್ನಿನ ಮುದ್ರಣಾಲಯದಲ್ಲಿಯೇ. ಎಳೆಯ ವಿಧವೆಯ ಮರುವಿವಾಹವನ್ನು ಎತ್ತಿಹಿಡಿದ ಆ ಕಥೆಗೆ ಅಂದು ಅಚ್ಚು ದೊರೆತದ್ದು ಸಣ್ಣ ಮಾತಲ್ಲ.

ಎರಡನೆಯ ಎಳೆ ಇಂದಿನ ಹಾವೇರಿ ಜಿಲ್ಲೆಯದು. ಗಳಗನಾಥರೆಂದು ಪ್ರಸಿದ್ಧರಾದ ವೆಂಕಟೇಶ ತಿರಕೋ ಕುಲಕರ್ಣಿಯವರು (1869–1942) ವೃತ್ತಿಯಿಂದ ಶಿಕ್ಷಕರು. ಮರಾಠಿಯ ಹರಿ ನಾರಾಯಣ ಆಪ್ಟೆಯವರ ಕಾದಂಬರಿಗಳನ್ನು ಕನ್ನಡಿಸಿದರು. ವಿಜಯನಗರದ ಸ್ಥಾಪನೆಯನ್ನು ಕುರಿತ ‘ಮಾಧವ ಕರುಣಾವಿಲಾಸ’ವನ್ನು ತಾವೇ ರಚಿಸಿದರು. ಬರೆದವರೂ ಅವರೇ, ಹೊತ್ತವರೂ ಅವರೇ. ಪುಸ್ತಕದ ಗಂಟನ್ನು ಹೊತ್ತು ಊರಿಂದ ಊರಿಗೆ ನಡೆದು ಮನೆಮನೆಯ ಬಾಗಿಲಲ್ಲಿ ಮಾರಿದ ಅವರ ಚಿತ್ರ ಉತ್ತರ ಕರ್ನಾಟಕದ ನೆನಪಿನಲ್ಲಿ ಇಂದಿಗೂ ಉಳಿದಿದೆ. ಬರೆದ ಕೈಯೇ ಪುಸ್ತಕವನ್ನು ಚಾಚಿದಾಗ ಕೊಳ್ಳುವವನಿಗೆ ಬೇರೆ ಶಿಫಾರಸು ಬೇಕಾಗಲಿಲ್ಲ.

1933ರಲ್ಲಿ ಧಾರವಾಡದಲ್ಲಿ ಆರಂಭವಾದ ಮನೋಹರ ಗ್ರಂಥಮಾಲೆ ಇದೇ ವಿಶ್ವಾಸಕ್ಕೆ ಒಂದು ವ್ಯವಸ್ಥೆಯನ್ನು ಕೊಟ್ಟಿತು. ಜಿ. ಬಿ. ಜೋಶಿಯವರು ಚಂದಾದಾರರನ್ನು ಕೂಡಿಸಿದರು. ಚಂದಾದಾರರು ಮುಂಗಡವಾಗಿ ಹಣ ಕೊಡುತ್ತಿದ್ದರು. ಯಾವ ಪುಸ್ತಕವೆಂಬುದನ್ನು ಗ್ರಂಥಮಾಲೆ ಆರಿಸುತ್ತಿತ್ತು. ಸುಭಾಸ ರಸ್ತೆಯ ಆ ‘ಅಟ್ಟ’ದಲ್ಲಿ ಕೀರ್ತಿನಾಥ ಕುರ್ತಕೋಟಿಯವರಂಥ ವಿಮರ್ಶಕರು ಹಸ್ತಪ್ರತಿಗಳನ್ನು ಓದಿ ಸಲಹೆ ನೀಡುತ್ತಿದ್ದರು. 1965ರಲ್ಲಿ ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ ಹೊರಬಂದದ್ದು ಅಲ್ಲಿಂದಲೇ. ಆ ಕಾದಂಬರಿ ಎಬ್ಬಿಸಿದ ವಾದವಿವಾದವನ್ನು ನೆನೆದರೆ, ಒಳ್ಳೆಯ ಶಿಫಾರಸು ಓದುಗನನ್ನು ಸಂತೋಷಪಡಿಸುವುದಕ್ಕಷ್ಟೇ ಅಲ್ಲ, ಕೆಲವೊಮ್ಮೆ ಕಂಗೆಡಿಸುವುದಕ್ಕೂ ಇರುತ್ತದೆ ಎಂದು ತಿಳಿಯುತ್ತದೆ.

ಈ ಎಳೆಗಳು ನಮ್ಮ ಸೀಮೆಗೆ ಎಷ್ಟು ತಲುಪಿದವು? ಕೃಷ್ಣಾ ತುಂಗಭದ್ರೆಗಳ ನಡುವಣ ರಾಯಚೂರು ದೋಆಬ್ ಹೈದರಾಬಾದ್ ನಿಜಾಮರ ಆಳ್ವಿಕೆಯಲ್ಲಿತ್ತು. ಧಾರವಾಡವು ಮುಂಬಯಿ ಪ್ರಾಂತ್ಯದಲ್ಲಿತ್ತು. ನಮ್ಮ ಕಡೆ ಆಡಳಿತದ ಭಾಷೆಯೂ ಮೇಲಿನ ತರಗತಿಗಳ ಭಾಷೆಯೂ ಉರ್ದುವಾಗಿತ್ತು. 1934ರಲ್ಲಿ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ರಾಯಚೂರಿನಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆದದ್ದು ಇಂಥ ಪರಿಸ್ಥಿತಿಯ ನಡುವೆ. 1948ರಲ್ಲಿ ನಿಜಾಮರ ಆಳ್ವಿಕೆ ಮುಗಿದು, 1956ರಲ್ಲಿ ನಾಡು ಒಂದಾಗುವವರೆಗೆ ಇಲ್ಲಿ ಕನ್ನಡ ಪುಸ್ತಕಕ್ಕೆ ದಾರಿ ಸುಗಮವಾಗಿರಲಿಲ್ಲ.

ಆದರೂ ನಮ್ಮ ಮಣ್ಣು ಕಾದಂಬರಿಗೆ ಅಪರಿಚಿತವಲ್ಲ. 1841ರಿಂದ ಸುರಪುರದಲ್ಲಿ ಆಡಳಿತಾಧಿಕಾರಿಯಾಗಿದ್ದ ಫಿಲಿಪ್ ಮೆಡೋಸ್ ಟೇಲರ್ (1808–1876) ಈ ಸೀಮೆಯನ್ನು ಚೆನ್ನಾಗಿ ಬಲ್ಲವರು. ಲಿಂಗಸುಗೂರು ಆಗ ದಂಡಿನ ನೆಲೆ. 1905ರವರೆಗೆ ಅದೇ ಹೆಸರಿನ ಜಿಲ್ಲೆಯೂ ಇತ್ತು. ಟೇಲರರ ಮರಣಾನಂತರ 1878ರಲ್ಲಿ ಪ್ರಕಟವಾದ ‘ಎ ನೋಬಲ್ ಕ್ವೀನ್’ ಎಂಬ ಇಂಗ್ಲಿಷ್ ಕಾದಂಬರಿ ಚಾಂದಬೀಬಿಯ ಕಾಲದ ಕಥೆ. ಲಿಂಗಸುಗೂರು ತಾಲ್ಲೂಕಿನ ಜಲದುರ್ಗ, ಅದನ್ನು ಸುತ್ತುವರಿದ ಕೃಷ್ಣೆಯ ಪ್ರವಾಹ, ಮುದಗಲ್ಲಿನ ಕೋಟೆ ಅದರಲ್ಲಿ ಕಣ್ಣಿಗೆ ಕಟ್ಟುವಂತೆ ಬರುತ್ತವೆ. ಅಷ್ಟೇ ಅಲ್ಲ, ಮುದಗಲ್ಲಿನ ಪುಟ್ಟ ಕ್ರೈಸ್ತ ಸಮುದಾಯವೂ, ಅದನ್ನು ನೋಡಿಕೊಳ್ಳುವ ಪೋರ್ಚುಗೀಸ್ ಗುರುವೂ, ಆತನ ಸಹೋದರಿ ಮರಿಯಳೂ ಅದರ ಪಾತ್ರಗಳು. ಆದಿಲ್‌ಶಾಹಿ ಅರಸರ ಕಾಲದಿಂದ ಬೇರುಬಿಟ್ಟ ವಿಶ್ವಾಸಿಗಳ ಒಂದು ಕುಟುಂಬವನ್ನು 19ನೆಯ ಶತಮಾನದ ಒಬ್ಬ ಕಥೆಗಾರ ಕಂಡು ಬರೆದಿದ್ದಾರೆ.

ಆ ಪುಸ್ತಕವನ್ನು ಕಣ್ಣುಮುಚ್ಚಿ ಓದಬೇಕೆಂದಲ್ಲ. ಟೇಲರರು ಬ್ರಿಟಿಷ್ ಅಧಿಕಾರಿ. ಅವರ ನೋಟಕ್ಕೆ ಅದರ ಮಿತಿಗಳುಂಟು. ಕಾದಂಬರಿಯನ್ನು ಚರಿತ್ರೆಯೆಂದು ನಂಬುವುದೂ ತಪ್ಪು. ಆದರೆ ನಮ್ಮದೇ ಹೊಳೆ, ನಮ್ಮದೇ ಕೋಟೆ, ನಮ್ಮದೇ ದೇವಾಲಯದ ನೆರಳು ಇರುವ ಕಥೆಯೊಂದು ದೂರದ ಲಂಡನ್ನಿನ ಓದುಗನಿಗೆ ಮೊದಲು ತಿಳಿದು, ಮುದಗಲ್ಲಿನ ಮಗುವಿಗೆ ತಿಳಿಯದೆ ಉಳಿದರೆ, ನಷ್ಟ ಯಾರದು? ಇಂಥ ಕಡೆಯಲ್ಲಿಯೇ ಬಲ್ಲ ಮಾರಾಟಗಾರನ ಅಗತ್ಯ ಕಾಣುವುದು. ಅವನು ಪುಸ್ತಕವನ್ನು ಕೊಡುವುದರೊಡನೆ ಅದನ್ನು ಹೇಗೆ ಓದಬೇಕೆಂಬ ಎಚ್ಚರವನ್ನೂ ಕೊಡುತ್ತಾನೆ.

ಮಸ್ಕಿಯ ಬಂಡೆಯನ್ನು ನೆನೆಯೋಣ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಅವರ ಕಣ್ಣಿಗೆ ಬಿದ್ದ ಆ ಶಾಸನದಲ್ಲಿ ‘ದೇವಾನಾಂಪ್ರಿಯ’ ಎಂಬ ಬಿರುದಿನೊಡನೆ ಅಶೋಕನ ಹೆಸರೇ ದೊರೆತು, ಬಿರುದು ಯಾರದೆಂಬ ಸಂಶಯ ನೀಗಿತು. ಬರಹ ಎರಡು ಸಾವಿರ ವರ್ಷಗಳಿಗೂ ಮಿಗಿಲಾಗಿ ಅಲ್ಲಿಯೇ ಇತ್ತು. ಓದಿ ತೋರಿಸುವವರು ಬರುವವರೆಗೆ ಅದು ಕಲ್ಲಾಗಿಯೇ ಉಳಿದಿತ್ತು. ಕಪಾಟಿನ ಪುಸ್ತಕದ ಸ್ಥಿತಿಯೂ ಹೆಚ್ಚು ಬೇರೆಯಲ್ಲ.

ನಮ್ಮ ಊರುಗಳಿಗೆ ದೊಡ್ಡ ಪುಸ್ತಕ ಮಳಿಗೆ ಬರುವವರೆಗೆ ಕಾಯಬೇಕಾಗಿಲ್ಲ. ಭಾನುವಾರದ ಪೂಜೆಯ ಬಳಿಕ ದೇವಾಲಯದ ಅಂಗಳದಲ್ಲಿ ಒಂದು ಮೇಜು, ಅದರ ಮೇಲೆ ಹತ್ತು ಪುಸ್ತಕ, ಅವುಗಳನ್ನು ನಿಜವಾಗಿ ಓದಿರುವ ಒಬ್ಬ ಅಕ್ಕ ಅಥವಾ ಅಣ್ಣ ಇದ್ದರೆ ಆರಂಭಕ್ಕೆ ಸಾಕು. “ನಿಮ್ಮ ಮಗಳಿಗೆ ಇದನ್ನು ಕೊಡಿ, ಮುಂದಿನ ವಾರ ಅವಳೇನು ಹೇಳಿದಳೆಂದು ನನಗೆ ತಿಳಿಸಿ” ಎಂಬ ಒಂದು ಮಾತು ಸಾಕು. ಗಳಗನಾಥರು ಬಿಸಿಲಲ್ಲಿ ಹೊತ್ತು ನಡೆದ ಗಂಟಿನ ಭಾರದಲ್ಲಿ ನಮ್ಮ ಪಾಲು ಅಷ್ಟಾದರೂ ಇರಲಿ.