ಮಳೆಯ ಮುನ್ಸೂಚನೆಯನ್ನು ಅಳೆಯುವ ಬಗೆ

ಶ್ರೀರಂಗಪಟ್ಟಣ, ಪಾಂಡವಪುರಗಳಲ್ಲಿ ಕಾವೇರಿಯ ನಾಲೆಗಳನ್ನು ನೆಚ್ಚಿ ಭತ್ತ, ಕಬ್ಬುಗಳನ್ನು ಬೆಳೆಯುವ ತರಿಭೂಮಿಯೇ ಪ್ರಧಾನವಾಗಿದ್ದರೆ, ನಾಗಮಂಗಲದಲ್ಲಿಯೂ ಕೃಷ್ಣರಾಜಪೇಟೆಯ ಎತ್ತರದ ನೆಲಗಳಲ್ಲಿಯೂ ರಾಗಿಯ ಖುಷ್ಕಿ ಬೇಸಾಯವು ಇಂದಿಗೂ ಮುಗಿಲನ್ನೇ ನೋಡುತ್ತದೆ. ‘ನಾಳೆ ಮಳೆಯಾಗುವ ಸಂಭವ ನೂರಕ್ಕೆ ಎಪ್ಪತ್ತು’ ಎಂಬ ಒಂದೇ ಮಾತು ಈ ನಾಲ್ಕು ತಾಲ್ಲೂಕುಗಳಿಗೂ ತಲಪಿದಾಗ, ಅದರ ಗುಣವನ್ನು ನಿರ್ಣಯಿಸುವ ಮಾನದಂಡ ಯಾವುದು? ಪವನಶಾಸ್ತ್ರದಲ್ಲಿ ಹುಟ್ಟಿ ಇಂದು ಗಣಕಯಂತ್ರಗಳ ವರ್ಗೀಕರಣ ಮಾದರಿಗಳಿಗೆಲ್ಲ ವ್ಯಾಪಿಸಿರುವ ಈ ಪ್ರಶ್ನೆಗೆ ಶತಮಾನಕ್ಕೂ ಮೀರಿದ ಚರಿತ್ರೆಯಿದೆ.

1884ರಲ್ಲಿ ಅಮೆರಿಕೆಯ ಫಿನ್ಲೆ ಎಂಬಾತನು ಸುಂಟರಗಾಳಿಗಳನ್ನು ಕುರಿತು ಪ್ರಕಟಿಸಿದ 2,803 ಮುನ್ಸೂಚನೆಗಳಲ್ಲಿ ನೂರಕ್ಕೆ 96.6 ಭಾಗ ಸರಿಯಾಗಿದ್ದುವು. ಆದರೆ ಗಾಳಿ ನಿಜವಾಗಿ ಎದ್ದ 51 ಸಂದರ್ಭಗಳಲ್ಲಿ ಆತನು ಮುಂದಾಗಿ ಅರಿತದ್ದು 28 ಮಾತ್ರ. ‘ಎಂದೂ ಗಾಳಿಯಿಲ್ಲ’ ಎಂದು ಕಣ್ಣು ಮುಚ್ಚಿ ಹೇಳಿದ್ದರೂ 98.2 ಭಾಗ ಸರಿಯಾಗುತ್ತಿತ್ತು. ಮಾಘಮಾಸದುದ್ದಕ್ಕೂ ‘ಮಳೆಯಿಲ್ಲ’ ಎನ್ನುವವನು ನಾಗಮಂಗಲದಲ್ಲಿ ತಪ್ಪುವುದು ಅಪೂರ್ವ. ಅಂತಹ ನಿಖರತೆಯಿಂದ ರೈತನಿಗೆ ಲಭಿಸುವುದೇನು?

ಹೌದು–ಅಲ್ಲಗಳ ಎಣಿಕೆಯಿಂದ ಸಂಭವದ ತೂಕಕ್ಕೆ ಶಾಸ್ತ್ರವನ್ನು ತಿರುಗಿಸಿದ್ದು 1950ರ ಗ್ಲೆನ್ ಬ್ರೈಯರನ ಲೇಖನ. ಹೇಳಿದ ಸಂಭವಕ್ಕೂ ಘಟಿಸಿದ ಫಲಕ್ಕೂ ಇರುವ ಅಂತರವನ್ನು ವರ್ಗಮಾಡಿ ಸರಾಸರಿ ತೆಗೆಯಬೇಕೆಂಬುದು ಆತನ ಸೂತ್ರದ ಸಾರ. 0.7 ಎಂದು ಮನಸಾರೆ ನಂಬಿದವನು ಹಾಗೆಯೇ ಹೇಳಿದರೆ ನಿರೀಕ್ಷಿತ ದಂಡ 0.21, 1 ಎಂದು ಸಾರಿದರೆ 0.30. ವರ್ಗಮಾಡದೆ ಬರಿಯ ಅಂತರವನ್ನೇ ಎಣಿಸಿದರೆ ಪ್ರಾಮಾಣಿಕನಿಗೆ 0.42, ಉತ್ಪ್ರೇಕ್ಷಿಸಿದವನಿಗೆ 0.30 ದಂಡ ಬಿದ್ದು, ಅಳತೆಯೇ ಅಸತ್ಯಕ್ಕೆ ಬಹುಮಾನವಿತ್ತಂತಾಗುವುದು. 1952ರಲ್ಲಿ ಐ. ಜೆ. ಗುಡ್ ಸೂಚಿಸಿದ ಲಘುಗಣಕದ ಅಳತೆಯೂ ಸತ್ಯಪಕ್ಷಪಾತಿಯೇ. ಆದರೆ ಶೂನ್ಯ ಸಂಭವವಿತ್ತುದು ಘಟಿಸಿಬಿಟ್ಟರೆ ಅದರ ದಂಡಕ್ಕೆ ಮಿತಿಯಿಲ್ಲ.

1973ರಲ್ಲಿ ಆಲನ್ ಮರ್ಫಿ ಬ್ರೈಯರನ ಅಂಕವನ್ನು ವಿಶ್ವಾಸಾರ್ಹತೆ, ವಿವೇಚನಶಕ್ತಿ, ಅನಿಶ್ಚಿತತೆಗಳೆಂದು ವಿಭಾಗಿಸಿದನು. ಪ್ರತಿದಿನವೂ ಊರಿನ ದೀರ್ಘಕಾಲದ ಸರಾಸರಿಯನ್ನೇ ನುಡಿಯುವವನು ಮೊದಲನೆಯದರಲ್ಲಿ ನಿರ್ದೋಷಿ, ಎರಡನೆಯದರಲ್ಲಿ ಶೂನ್ಯ. ಎರಡನೆಯ ಮಹಾಯುದ್ಧದ ರೇಡಾರ್ ಪರೀಕ್ಷೆಗಳಿಂದ ಬೆಳೆದ ಆರ್‌ಒಸಿ ರೇಖೆಯಾದರೋ ಮಳೆದಿನಗಳನ್ನು ಒಣದಿನಗಳಿಗಿಂತ ಮೇಲಿರಿಸುವ ಸಾಮರ್ಥ್ಯವನ್ನಷ್ಟೇ ಅಳೆಯುತ್ತದೆ. ಸಂಭವಗಳನ್ನೆಲ್ಲ ಅರ್ಧಕ್ಕಿಳಿಸಿದರೂ ಅದರಡಿಯ ವಿಸ್ತೀರ್ಣ ಬದಲಾಗದು.

ನಮ್ಮಲ್ಲಿ 1875ರಲ್ಲಿ ಸ್ಥಾಪಿತವಾದ ಹವಾಮಾನ ಇಲಾಖೆಯು 1886ರಲ್ಲಿ ಮುಂಗಾರಿನ ಮೊದಲ ಮುನ್ಸೂಚನೆಯನ್ನಿತ್ತು, ಈಗ ಋತುವಿನ ಮಳೆಯನ್ನು ಐದು ವರ್ಗಗಳ ಸಂಭವಗಳಾಗಿ ತಿಳಿಸುತ್ತದೆ. ‘ಕೊರತೆ’ಯೆಂದಾಗ ‘ಅಧಿಕ’ವಾಗುವುದು ‘ಸಾಧಾರಣ’ವಾಗುವುದಕ್ಕಿಂತ ದೊಡ್ಡ ತಪ್ಪೆಂದೆಣಿಸುವ ಎಪ್‌ಸ್ಟೈನನ 1969ರ ಶ್ರೇಣಿಮಾಪನ ಇಂತಹ ವರ್ಗಗಳಿಗೆ ಉಚಿತ. ಗ್ರಾಮಪಂಚಾಯತಿಗಳ ಮಟ್ಟದಲ್ಲಿ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಮಳೆಮಾಪಕಗಳನ್ನು ನೆಟ್ಟಿರುವುದರಿಂದ, ದಿನದ ಮುನ್ಸೂಚನೆಯನ್ನು ಬಿದ್ದ ಮಳೆಯೊಡನೆ ಊರಿನ ಮಟ್ಟದಲ್ಲಿಯೇ ಹೋಲಿಸುವುದು ಈಗ ಸಾಧ್ಯ.

ಸಂಭವದಿಂದ ಕಾರ್ಯಕ್ಕೆ ದಾಟುವ ಹೊಸ್ತಿಲನ್ನು ಜೆ. ಸಿ. ಥಾಂಪ್ಸನ್ 1952ರಲ್ಲಿ ಚರ್ಚಿಸಿದನು: ಎಚ್ಚರಿಕೆಯ ವೆಚ್ಚವನ್ನು ಅದು ತಪ್ಪಿಸುವ ನಷ್ಟದಿಂದ ಭಾಗಿಸಿದ ಅನುಪಾತವೇ ಆ ಹೊಸ್ತಿಲು. ಪಾಂಡವಪುರದ ಕಣದಲ್ಲಿ ಭತ್ತವನ್ನು ಹರಡಿದವನಿಗೆ ಟಾರ್ಪಾಲು ಹೊದಿಸುವ ಶ್ರಮ ಅಲ್ಪ, ನೆನೆದರೆ ನಷ್ಟ ಅಪಾರ. ಹತ್ತರಲ್ಲಿ ಒಂದು ಸಂಭವವೂ ಆತನಿಗೆ ಸಾಕು. ಹದಮಳೆಯನ್ನು ನಿರೀಕ್ಷಿಸಿ ಕೂರಿಗೆ ಹೂಡಬೇಕಾದ ನಾಗಮಂಗಲದವನಿಗೆ, ಮಳೆ ತಪ್ಪಿದರೆ ಬೀಜವೂ ಕೂಲಿಯೂ ನಷ್ಟವಾಗುವುದರಿಂದ, ಎಪ್ಪತ್ತೂ ಸಾಲದೆಹೋಗಬಹುದು.

ಆದುದರಿಂದ ಮಾದರಿಯನ್ನು ಆರಿಸುವಾಗ ಸತ್ಯಪಕ್ಷಪಾತಿಯಾದ ಅಂಕವೂ, ಹೊಸ್ತಿಲನ್ನು ಇರಿಸುವಾಗ ಲಾಭನಷ್ಟದ ಲೆಕ್ಕವೂ ಪ್ರಮಾಣವಾಗಬೇಕು. ಸಂಭವವನ್ನು ಮರೆಮಾಡಿ ‘ಮಳೆಯಿದೆ’, ‘ಮಳೆಯಿಲ್ಲ’ ಎಂದು ತೀರ್ಪಿತ್ತುಬಿಡುವ ಶಾಸ್ತ್ರಜ್ಞನು, ನಷ್ಟವನ್ನು ತಾನು ಹೊರದೆ, ಅದನ್ನು ಹೊರಬೇಕಾದವನ ನಿರ್ಣಯವನ್ನು ಮಾತ್ರ ಕಸಿದುಕೊಂಡಂತಾಗುತ್ತದೆ.